ಅರ್ಧ ಉಸಿರು

ಭದ್ರಾವತಿ, ಪೇಪರ್ ಟೌನ್. ಖಾಲಿ ಕ್ವಾರ್ಟರ್ಸೊಂದರ
ಮುಂದಿನ ಕೋಣೆಯೇ ವಿಹಾರ.
ಭಾನುವಾರ ಬೆಳಿಗ್ಗೆ ಏಳಕ್ಕೆ ನಾವು ನಾಲ್ವರು;
ಬಲಗಾಲಿಲ್ಲದ ಲಾರೆನ್ಸನಿಗೆ ಮಾತ್ರ ಕುರ್ಚಿ.

‘ಉಸಿರನ್ನು ನೋಡಿ, ತಿಪ್ಪೇಶಪ್ಪ’ ಅಂದರು ಭಂತೇಜಿ.
ನಗು ಬಂತು. ಇದನ್ನು ನನಗೆ
ಹತ್ತೊಂಬತ್ತಕ್ಕೇ ಕಲಿಸಿದ್ದಾರೆ:
ಎಳೆದುಕೋ. ಅರ್ಧ ಬಿಡು. ತಡೆ.
ಆಮೇಲೆ ಬೆರಳು.

ಗುಡ್ಡದ ಆ ಬದಿ ಅವನು
ಬೀಡಿಯೋ ಸಿಗರೇಟೋ ಹಚ್ಚುತ್ತಿದ್ದ.
ಕಡ್ಡಿ ಎರಡು ಸಲ ಆರಿ, ಮೂರನೆಯದು ಹತ್ತಿತು.
ಗಲ್ಲದ ಮೇಲೆ ನಾಲ್ಕು ದಿನದ ಗಡ್ಡ.
ನನಗೂ ಅಷ್ಟೇ ಇತ್ತು.

ಇದನ್ನೆಲ್ಲ ನಾನು ಹೇಳಲಿಲ್ಲ. ಅವರು ಕೇಳಲೂ ಇಲ್ಲ.
ಪಕ್ಕದ ಮನೆಯ ಕುಕ್ಕರ್ ಕೂಗಿತು.
ನಾಲ್ವರ ಭುಜವೂ ಒಟ್ಟಿಗೇ ಬಿಗಿಯಿತು.
‘ಕುಕ್ಕರ್’ ಅಂದರು ಭಂತೇಜಿ ಮೆಲ್ಲಗೆ,
ಮಗುವಿಗೆ ಹಕ್ಕಿ ತೋರಿಸಿದ ಹಾಗೆ.
ಎರಡನೇ ಸೀಟಿಗೆ ನಾವೇ ಅಂದೆವು:
ಕುಕ್ಕರ್.

ಮತ್ತೆ ಕಣ್ಣು ಮುಚ್ಚಿದೆ. ಒಳಗೆ ಬಂತು. ಹೊರಗೆ
ಹೊರಟದ್ದು ಅರ್ಧಕ್ಕೆ, ಅದೇ ಜಾಗಕ್ಕೆ, ನಿಂತಿತು.
ಇಪ್ಪತ್ತಾರು ವರ್ಷದಿಂದ ಅಲ್ಲೇ ನಿಲ್ಲುತ್ತದೆ.
‘ತಳ್ಳಬೇಡಿ. ನಿಂತಿದೆಯಲ್ಲ, ಅದನ್ನೇ ನೋಡಿ.’

ನೋಡುತ್ತ ಕೂತೆ.
ಆ ಕಡ್ಡಿ ಇನ್ನೂ ಉರಿಯುತ್ತಲೇ ಇತ್ತು.
ಬೆರಳು ತೊಡೆಯ ಮೇಲೆ ಮಲಗಿತ್ತು.
ಕಿಟಕಿಯಿಂದ ಅನ್ನದ ವಾಸನೆ.