ಎಳೆದು ಹತ್ತಿಸಿದವನು

ಮೂವತ್ತೊಂದು ವರ್ಷ ವಾಲ್ಪರೈಸೊದ ಈ ಗುಡ್ಡಕ್ಕೆ
ಜನರನ್ನು ಎಳೆದು ಹತ್ತಿಸಿದವನು ನಾನು.
ಮೇಲಿನ ಕೋಣೆಯಲ್ಲಿ ಕೂತು ಹಿಡಿ ತಿರುಗಿಸಿದರೆ
ಹಗ್ಗದ ಒಂದು ಡಬ್ಬಿ ಏರಿ ಇನ್ನೊಂದು ಇಳಿಯುತ್ತಿತ್ತು:
ಮೀನಿನ ಬುಟ್ಟಿ, ಮದುಮಗಳು, ಒಮ್ಮೆ ಶವಪೆಟ್ಟಿಗೆ ಕೂಡ.
ಪಕ್ಕದಲ್ಲೇ ಇದ್ದ ಮೆಟ್ಟಿಲನ್ನು
ನಾನು ಎಣಿಸಿದ್ದೇ ಇಲ್ಲ.

ಈಗ ಮಾರಿತ್ಸಾ ಎಣಿಸು ಎನ್ನುತ್ತಾಳೆ.
ಮೊಮ್ಮಗಳ ವಯಸ್ಸು, ಬಿಳಿ ಬೂಟು, ಕೊರಳಲ್ಲಿ ಗಡಿಯಾರ.
"ದೊನ್ ಎಲೆವುತೇರಿಯೊ,
ಸರ್ಜನ್ನರಿಗೆ ಎಂಟು ಗಂಟೆ ಕೆಲಸ,
ನಿಮಗೆ ಐದು ವಾರ."

ಹೊಟ್ಟೆಯ ಹಿಂದೆ, ಬೆನ್ನಿಗೆ ಆತುಕೊಂಡು
ಇಷ್ಟು ದಿನ ಹೆಸರು ಹೇಳದೆ ದುಡಿದದ್ದು ಮೇದೋಜ್ಜೀರಕ.
ಅದರ ತಲೆಯಲ್ಲೊಂದು ಗಂಟು, ಆಲಿವ್ ಕಾಯಿಯಷ್ಟು.
ನನ್ನ ಕಣ್ಣು ಹಳದಿಯಾದಾಗ ಹೊರ್ತೆನ್ಸಿಯಾ
ಕಿಟಕಿಯ ಹಳದಿ ಪರದೆಗೆ ಬೈದಳು.
ಒಳಗೊಂದು ಕೊಳವೆ ಇಟ್ಟ ಮೇಲೆ ತುರಿಕೆ ನಿಂತಿತು;
ಪರದೆ ಇನ್ನೂ ಅದೇ.

ಊಟವೂ ಈಗ ಲೆಕ್ಕ. ಮೊದಲ ತುತ್ತಿನೊಡನೆ ಎರಡು ಗುಳಿಗೆ,
ಇಲ್ಲದಿದ್ದರೆ ತಿಂದದ್ದು ಎಣ್ಣೆಯಾಗಿ ತೇಲಿಹೋಗುತ್ತದೆ.
ಮೊಟ್ಟೆ, ಬೇಳೆ, ಮತ್ತೆ ಮೊಟ್ಟೆ.
ಸಿಗರೇಟು ಬಿಟ್ಟೆ. ಅಂದರೆ, ಹೊರ್ತೆನ್ಸಿಯಾ ಬಿಡಿಸಿದಳು,
ಹುರುಳಿ ನೆನೆಹಾಕಿದ ನೀರಿಗೆ ಪ್ಯಾಕೆಟ್ಟು ಎಸೆದು.
ರಾತ್ರಿ, ಪ್ಲಾಸ್ಟಿಕ್ ಪೆಟ್ಟಿಗೆಯ ಮೂರು ನೀಲಿ ಚೆಂಡುಗಳನ್ನು
ಉಸಿರೆಳೆದು ಎತ್ತಬೇಕು.
ಎರಡು ಏರುತ್ತವೆ. ಮೂರನೆಯದು ನನ್ನ ಮಾವನಂತೆ,
ಕೂತಲ್ಲಿಂದ ಏಳುವುದಿಲ್ಲ.

ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು ನೆರೆಯವರು ನಗುತ್ತಾರೆ.
ನಗಲಿ. ಮೊದಲ ವಾರ ನಲವತ್ತನೇ ಮೆಟ್ಟಿಲಲ್ಲಿ,
ನಾಯಿ ಮಲಗುವ ತಿರುವಿನಲ್ಲಿ, ಕೂತುಬಿಟ್ಟೆ.
ನಾಯಿ ಸರಿದು ಜಾಗ ಕೊಟ್ಟಿತು.
ಎರಡನೇ ವಾರ ಎಪ್ಪತ್ತು.
ಮೂರನೇ ವಾರ ಮತ್ತೆ ನಾಯಿಯ ಬಳಿಗೇ.
ನಿನ್ನೆ ನೂರ ಅರವತ್ತೊಂದು: ಮೇಲೆ ನನ್ನ ಹಳೆಯ ಕೋಣೆ,
ಬೀಗ, ಗಾಜಿನೊಳಗೆ ತುಕ್ಕು ಹಿಡಿದ ಗಾಲಿ,
ಕೆಳಗೆ ಬಂದರು, ಹಡಗು,
ಎದೆಯೊಳಗೆ ಇಂಜಿನ್ನಿನದೇ ಧಡಧಡ.

ವಾಸಿಯಾಗುತ್ತದೆಯೇ ಎಂದು ಕೇಳಿದೆ.
"ಗೊತ್ತಿಲ್ಲ," ಎಂದಳು ಮಾರಿತ್ಸಾ,
"ಏಳಲು ಕಾಲಿರಬೇಕು, ಅಷ್ಟೇ."
ಸುಳ್ಳಾಡದ ಹುಡುಗಿ.

ಇವತ್ತು ಮುಂಜಾನೆ ಸಿಹಿ ನೀರು ಕುಡಿಸಿ
ಮಲಗಿಸಿ ಲಿಫ್ಟಿಗೆ ತಳ್ಳಿದರು.
ಬಾಗಿಲು ಮುಚ್ಚಿತು. ಎಳೆಯುವವನಿಲ್ಲ, ಗುಂಡಿ ಮಾತ್ರ.
ಚಾವಣಿಯಾಚೆ ಹಗ್ಗ ಬಿಗಿಯುವ ಸದ್ದಿಗೆ ಕಿವಿಗೊಟ್ಟೆ.
ಸ್ವಲ್ಪ ಎಣ್ಣೆ ಬೇಕು ಅದಕ್ಕೆ.
ಎದ್ದ ಮೇಲೆ ಹೇಳಬೇಕು.