ಅರ್ಧ ಕಿಲೋ

ಗೋಣಿಕೊಪ್ಪದ ಕ್ಯೂರಿಂಗ್ ವರ್ಕ್ಸಿನಲ್ಲಿ ರಾತ್ರಿ ಹನ್ನೊಂದು.
ಜರಡಿಗಳು ನಿಂತಿವೆ. ಹೊಟ್ಟಿನ ಧೂಳು ಮಾತ್ರ
ಇನ್ನೂ ಇಳಿಯುತ್ತಿದೆ, ಕೀಬೋರ್ಡಿನ ಸಂದಿಗೆ.
ನಾಳೆ ಬಟವಾಡೆ.

ವಾರವಿಡೀ ತೂಕದ ಯಂತ್ರ ಒದರಿದ್ದೆಲ್ಲ
ಒಂದೇ ಉದ್ದನೆಯ ಫೈಲಾಗಿ ಬಿದ್ದಿದೆ:
ತಾರೀಕು, ಹೊತ್ತು, ಹೆಸರು, ಆರಿಸಿದ ಬೇಳೆಯ ಕಿಲೋ,
ನಡುನಡುವೆ ಅದರದೇ ಗೊಣಗಾಟ:
ತಟ್ಟೆ ಖಾಲಿ. ತಟ್ಟೆ ಖಾಲಿ. ಮತ್ತೆ ತೂಗಿ.

ಒಂದು ಕಮಾಂಡು ಓದುತ್ತದೆ,
ಇನ್ನೊಂದು ಗೊಣಗಾಟ ಹೆಕ್ಕಿ ಎಸೆಯುತ್ತದೆ,
ಮತ್ತೊಂದು ಹೆಸರನ್ನೂ ಕಿಲೋವನ್ನೂ ಉಳಿಸಿ
ನಡುವೆ ಎರಡು ಚುಕ್ಕಿ ಇಡುತ್ತದೆ.
ಒಂದರ ಬಾಯಿಂದ ಇನ್ನೊಂದರ ಕಿವಿಗೆ
ನೆಟ್ಟಗೆ ನಿಂತ ಗೆರೆಯೊಂದೇ ದಾರಿ.
"ಗ್ರೆಪ್ ಅಂದ್ರೆ ಏನು?" ಮೊನ್ನೆ ಕರ್ಪಿ ಕೇಳಿದ್ದಳು,
ಕಪ್ಪು ಬೇಳೆ ಆರಿಸುತ್ತಲೇ, ತಲೆಯೆತ್ತದೆ.
ನೀನು ಮಾಡೋದೇ, ಅಂದೆ.
"ಹಾಗಾದ್ರೆ ಅದಕ್ಕೆ ಕಿಲೋಗೆ ಎಷ್ಟು ಕೊಡ್ತೀರಿ?"

ಸ್ಕ್ರಿಪ್ಟು ಓಡಿತು. ಕರ್ಪಿ, ಮುತ್ತಿ, ಪಾತುಮ್ಮ,
ಒಂಟಿ ಹೆಸರಿನವರೆಲ್ಲ ಇಡಿಯಾಗಿ ದಾಟಿ ಬಂದರು.
ಆಮೇಲೆ ಈ ಸಾಲು:
ಕಾಡ್ಯೇರಂಡ, ಕಿಲೋ ಇಲ್ಲ.
ಅದರ ಕೆಳಗೆ
ಚೋಂದಮ್ಮ, ಮೂವತ್ತೆಂಟೂವರೆ.

ಕೆಲಸಕ್ಕೆ ಸೇರಿದ ದಿನವೇ ಅವರು ಹೇಳಿದ್ದರು:
"ಮನೆಪೆದ ಬಿಡಬೇಡ ಮಗಾ, ಅದು ಮುಂದೆ ಇರ್ಲಿ."
ಶೆಲ್ಲಿಗೆ ಖಾಲಿ ಜಾಗ ಕಂಡರೆ ಸಾಕು, ಕತ್ತರಿ.
ಮನೆಯನ್ನೇ ಬೇರೆ ಆಳೆಂದು ಎಣಿಸಿದೆ,
ವಾರವಿಡೀ ಕೈ ಕಟ್ಟಿ ಕೂತ ಆಳು.
ನಗು ಬಂತು. ನಿಜವೂ ಇರಬಹುದು ಅನ್ನಿಸಿತು.

ಪದ ಪದವಾಗಿ ಬೇಡ, ಸಾಲು ಸಾಲಾಗಿ ಓದು ಎಂದು ಬರೆದೆ.
ಹೆಸರಿನ ಆಚೆಗೊಂದು ಈಚೆಗೊಂದು ಕೊಟೇಶನ್ನು,
ಮಂಚದ ಕೂಸಿಗೆ ಎರಡೂ ಬದಿ ದಿಂಬು ಒತ್ತಿದ ಹಾಗೆ.
ಹೆಸರು ಕೂಡಿತು. ಒಟ್ಟು ಮೊತ್ತ ಸೊನ್ನೆಯಾಯಿತು.
ಪೈಪಿನಾಚೆ ಕೂತ ಲೂಪು ತನ್ನ ಕೋಣೆಯಲ್ಲೇ ಎಣಿಸಿ
ಲೆಕ್ಕವನ್ನು ಒಳಗೇ ಬಿಟ್ಟು ಎದ್ದು ಬಂದಿತ್ತು.
ಪೈಪು ಕಿತ್ತು, ಫೈಲನ್ನು ಹಿಂಬಾಗಿಲಿಂದ ಒಳಗೆ ತಂದೆ.
ಆಗ ಇನ್ನೊಂದು ತಕರಾರು:
ಶೆಲ್ಲಿಗೆ ಇಡೀ ಸಂಖ್ಯೆ ಗೊತ್ತು, ದಶಾಂಶ ಬಾರದು.
ಗಂಟೆ ಒಂದೂಕಾಲು.
ಚುಕ್ಕಿಯ ಆಚೆಯದನ್ನು ಕತ್ತರಿಸು ಎಂದೆ. ಕತ್ತರಿಸಿತು.
ಎಲ್ಲವೂ ಸರಿಹೋಯಿತು, ಒಂದೂ ದೂರಿಲ್ಲ.
ದೂರುಗಳ ಕಾಲುವೆಯನ್ನು ನಾನು ಮೊದಲೇ
ತಳವಿಲ್ಲದ ಗುಂಡಿಗೆ ತಿರುಗಿಸಿಟ್ಟಿದ್ದೆ.

ಬೆಳಗ್ಗೆ ಕಿಟಕಿಯಾಚೆ ಸಾಲು.
ಚೋಂದಮ್ಮ ಚೀಟಿಯನ್ನು ಕಣ್ಣಿಂದ ದೂರ ಹಿಡಿದು
ಹೆಸರನ್ನು ಮೊದಲಿಂದ ಓದಿದರು,
ಮನೆಪೆದ ಸಮೇತ, ಗಟ್ಟಿಯಾಗಿ. ತಲೆಯಾಡಿಸಿದರು.
ಹೆಬ್ಬೆರಳು ಕಿಲೋದ ಮೇಲೆ ಬಂದು ನಿಂತಿತು.
"ಅರ್ಧ ಎಲ್ಲಿ?"

ಅವರ ಹಿಂದೆ ಕರ್ಪಿಯೂ
ಮಡಿಸಿ ಇಟ್ಟಿದ್ದ ಚೀಟಿ ಬಿಚ್ಚಿದಳು.
ನಾನು ಪೆನ್ನು ಹುಡುಕಿದೆ.