ನಾಲ್ಕನೇ ಜ್ವರ

ಅಂಬುಜಾ,
ಕೊಳ್ಳಲೋ ಬೇಡವೋ ಅಂತ ಎರಡು ಸಲ ಕೇಳಿದೆ.
ಎರಡು ಸಲವೂ ನಾನು ಸೊಪ್ಪು ಹಾಕುವ ಹೊತ್ತು,
ಉತ್ತರ ಉಳಿದೇ ಹೋಯಿತು.
ಈಗ ಹುಳ ಜ್ವರಕ್ಕೆ ಕೂತಿವೆ. ಮನೆ ಮೌನ.
ತಟ್ಟೆ ತಟ್ಟೆಯಲ್ಲೂ ತಲೆ ಎತ್ತಿ ನಿಂತ
ಬಿಳಿ ಪ್ರಶ್ನೆಗಳು, ಸಾವಿರ ಸಾವಿರ.
ಇವತ್ತು ಬರೆಯಬಹುದು.

ನನ್ನ ವಾಚು ಕೊಂಡಿದ್ದು ಶಿಡ್ಲಘಟ್ಟದಲ್ಲಿ,
ಗೂಡಿನ ಮಾರ್ಕೆಟ್ಟಿನ ಹಿಂದೆ ಇಮ್ದಾದನ ಅಂಗಡಿ.
ಆ ಸಲ ಕೇಜಿಗೆ ಆರುನೂರ ನಲವತ್ತು ಕೂಗಿದ್ದರು,
ಕೈಯಲ್ಲಿ ದುಡ್ಡು ಇನ್ನೂ ಬೆಚ್ಚಗಿತ್ತು.
ಬೇಕಿದ್ದಿದ್ದು ಒಂದೇ: ಬೆಳಗಿನ ಜಾವ ನಾಲ್ಕೂಮುಕ್ಕಾಲಿಗೆ
ಮನೆಯವರ ನಿದ್ದೆ ಕೆಡಿಸದೆ
ನನ್ನೊಬ್ಬಳನ್ನು ಎಬ್ಬಿಸುವ ಏನಾದರೊಂದು.
ಅದು ಕೂಗುವುದಿಲ್ಲ. ಮಣಿಕಟ್ಟಿನಲ್ಲಿ
ಹುಳ ಹೊರಳಿದ ಹಾಗೆ ನಡುಗುತ್ತದೆ, ಅಷ್ಟೇ.
ಆ ನಡುಕಕ್ಕೆ ಮೂರು ಸಾವಿರದ ಇನ್ನೂರು.

ಮಿಕ್ಕಿದ್ದೆಲ್ಲ ಕೊಸರು.
ಕೂತಲ್ಲೇ ಸೊಪ್ಪು ಕೊಚ್ಚಿದರೆ ಎರಡು ಸಾವಿರ ಹೆಜ್ಜೆ ಅನ್ನುತ್ತಿತ್ತು.
ಎರಡೂ ಕೈಯಲ್ಲಿ ಹೊರೆ ಹಿಡಿದು ತೋಟದಿಂದ ನಡೆದು ಬಂದರೆ
ಕೈ ಆಡಲಿಲ್ಲವೆಂದು ಸೊನ್ನೆ.
ನಿಮ್ಮಣ್ಣನಿಗೆ ಹೇಳಿದೆ. “ನನ್ನ ಲೆಕ್ಕವೂ ಹಾಗೇ ಅಲ್ಲವೇನೇ” ಅಂದ,
ಪುಣ್ಯಾತ್ಮ, ಒಪ್ಪಿಕೊಂಡ.

ಮೊದಮೊದಲು ಅದಕ್ಕೆ ನಿನ್ನ ಹೆಸರು ಬರುತ್ತಿರಲಿಲ್ಲ.
ನೀನು ಕಳಿಸಿದ ಕನ್ನಡವೆಲ್ಲ ಚೌಕ, ಚೌಕ, ಚೌಕ,
ಭಾನುವಾರ ಬಾಗಿಲು ಹಾಕಿದ ಮಳಿಗೆ ಸಾಲು.
ಆಮೇಲೊಂದು ರಾತ್ರಿ ಅಪ್‌ಡೇಟ್ ಬಂತು.
ಮುಕ್ಕಾಲು ಗಂಟೆ ಕಪ್ಪಗೆ, ಮಿಸುಕದೆ ಕೂತು
ಎದ್ದಾಗ ಕನ್ನಡ ಓದುತ್ತಿತ್ತು!
ನಮ್ಮ ಹುಳದ ಹಾಗೇ ಅಂದುಕೊಂಡೆ:
ಜ್ವರಕ್ಕೆ ಕೂರುತ್ತೆ, ಪೊರೆ ಬಿಡುತ್ತೆ, ಬಾಯಿ ದೊಡ್ಡದಾಗಿ ಏಳುತ್ತೆ.
ಹಾಗೆ ಮೂರು ಜ್ವರ ಕಂಡೆ.

ನಾಲ್ಕನೆಯದಕ್ಕೆ ಕಾದೆ. ಯುಗಾದಿ ಹೋಯಿತು, ಗೌರಿ ಹೋದಳು.
ಅಷ್ಟರಲ್ಲಿ ಫೋನು ತನ್ನ ಪಾಡಿಗೆ ತಾನು ಹೊಸದಾಗಿ
ಒಂದು ದಿನ ವಾಚಿನ ಗುರುತೇ ಇಲ್ಲ ಅಂದಿತು.
ಒಂದೇ ಮನೆ, ಮಾತು ಬಿಟ್ಟ ವಾರಗಿತ್ತಿಯರು.
ಇಮ್ದಾದ ತಿರುಗಿಸಿ ನೋಡಿದ, ಒರೆಸಿದ, ವಾಪಸ್ಸು ಕೊಟ್ಟ:
“ಇಂಕ ರಾದಕ್ಕಾ. ಕಂಪನಿಯವರು ಇದನ್ನ ಕೈಬಿಟ್ಟರು.”
ಗಾಜು ಒಡೆದಿಲ್ಲ. ಬ್ಯಾಟರಿ ಎರಡು ದಿನ ಬರುತ್ತೆ.
ಬ್ಲೀಚಿಂಗ್ ನೀರಿಗೆ ಪಟ್ಟಿ ಬಿಳಿಚಿದೆ, ಅದು ನನ್ನ ತಪ್ಪು.
ಕೆಟ್ಟಿದ್ದರೆ ರಿಪೇರಿ ಅನ್ನಬಹುದಿತ್ತು.
ಕೆಡದೇ ಇರುವುದನ್ನು ಏನಂತ ಹೇಳಿ ಯಾರಿಗೆ ಕೊಡಲಿ?

ಮೊಟ್ಟೆ ಹಾಳೆ ನೀನೇ ಕಂಡಿದ್ದೀಯ,
ಯಾವ ತಳಿ, ಯಾವ ದಿನ ಚಾಕಿ, ಎಲ್ಲ ಬರೆದಿರುತ್ತೆ.
ತಿಂಗಳು ತುಂಬದ ಜೀವಕ್ಕೆ ಅಷ್ಟು ನಿಯತ್ತು.
ಈ ಡಬ್ಬದ ಮೇಲೆ ನೀರಿನ ಆಳ ಇತ್ತು, ಬಣ್ಣ ಇತ್ತು,
ಒಬ್ಬಳು ಹುಡುಗಿ ನಗುತ್ತಾ ಓಡುತ್ತಿದ್ದಳು.
ಎಷ್ಟು ವರ್ಷ ನೋಡಿಕೊಳ್ಳುತ್ತೇವೆ ಅಂತ ಮಾತ್ರ
ಯಾವ ಮೂಲೆಯಲ್ಲೂ ಇರಲಿಲ್ಲ.
ನಾನೂ ಕೇಳಲಿಲ್ಲ.

ಅದಕ್ಕೇ, ಕೊಳ್ಳು ಅಂತಲೂ ಅನ್ನಲ್ಲ, ಬೇಡ ಅಂತಲೂ.
ಚಿಂತಾಮಣಿಯಲ್ಲಿ ಅಂಗಡಿ ಮೆಟ್ಟಿಲು ಹತ್ತಿದರೆ
ಬಣ್ಣ ಆಮೇಲೆ ನೋಡು, ಮೊದಲು
ಇನ್ನೆಷ್ಟು ಜ್ವರ ಬಾಕಿ ಅಂತ ಕೇಳು.
ಹುಡುಗ ನಕ್ಕರೆ ನಗಲಿ.
ಉತ್ತರ ಬರದಿದ್ದರೆ ಬೆಲೆಯನ್ನು ಎರಡು ವರ್ಷಕ್ಕೆ ಹಂಚು,
ತಿಂಗಳಿಗೆ ಎಷ್ಟು ಬಿತ್ತು ನೋಡು,
ಅಷ್ಟಕ್ಕೆ ನಿನಗೆ ಬೇಕಿರುವುದು ಏನು ಅಂತ ನೆನೆಸಿಕೊ.
ನನಗೆ ಬೇಕಿದ್ದಿದ್ದು ನಡುಕ.

ಅದು ಇನ್ನೂ ಇದೆ.
ಚಾರ್ಜು ಪೂರ್ತಿ ಇಳಿದು ಎದ್ದರೆ ಇವತ್ತು ಜನವರಿ ಒಂದು ಅನ್ನುತ್ತೆ,
ಗಂಟೆ ಹೇಳಿಕೊಡಲು ಫೋನಿಲ್ಲ; ಹಾಗಾಗಿ ಇಳಿಯಲು ಬಿಡಲ್ಲ.
ಈಗ ಹದಿನೇಳು ನಿಮಿಷ ಮುಂದೆ ಓಡುತ್ತಿದೆ.
ಆ ಹದಿನೇಳು ನಿಮಿಷ
ಕತ್ತಲಲ್ಲಿ ಕಣ್ಣು ಬಿಟ್ಟು ಸುಮ್ಮನೆ ಮಲಗಿರುತ್ತೇನೆ.
ಅಷ್ಟು ಹೊತ್ತು ಯಾರದೂ ಅಲ್ಲ, ನನ್ನದು.

ನಾಳೆ ಹುಳ ಏಳುತ್ತವೆ. ನಾಲ್ಕನೇ ಜ್ವರ,
ಎದ್ದ ಮೇಲೆ ಹಸಿವು ತಡೆಯಲ್ಲ.
ಬರುವಾಗ ಹಳೇ ಪೇಪರ್ ತಾ, ತಟ್ಟೆಗೆ ಸಾಲದು.